ಪ್ರತಿಕ್ರಿಯೆ: ಐವರ ತಂಡ, ಕೆಲಸ ಮಾತ್ರ ಒಬ್ಬಳದೇ

ಒಂಬತ್ತನೇ ತರಗತಿಯ ಪ್ರಾಜೆಕ್ಟಿಗೆ ಮಾಡಿದ ಐವರ ತಂಡದಲ್ಲಿ ಒಬ್ಬಳೇ ಎಲ್ಲ ಬರೀತಾಳೆ ಅಂದಿರಿ. ತಪ್ಪು ಮಕ್ಕಳದ್ದಲ್ಲ ಸರ್, ಕೊಟ್ಟ ವಿಷಯದ್ದು. 'ಮಂಡ್ಯದ ಜಲಮಾಲಿನ್ಯ' ಅಂತ ಕೊಟ್ಟರೆ ಗೂಗಲ್ ನಕಲು ಬಿಟ್ಟು ಇನ್ನೇನೂ ಬರಲ್ಲ. 'ಕಬ್ಬಿನ ಗದ್ದೆ ಪಕ್ಕದ ಬೋರ್‌ವೆಲ್‌ನಲ್ಲಿ ನೈಟ್ರೇಟ್ ಊರೊಳಗಿನದಕ್ಕಿಂತ ಹೆಚ್ಚೇ?' ಅಂತ ಕಿರಿದು ಮಾಡಿ. ನೈಟ್ರೇಟ್ ಅಂದರೆ ಗೊಬ್ಬರದಿಂದಲೂ ನೀರಿಗೆ ಇಳಿಯೋ ಲವಣ. ಎರಡೂ ಕಡೆ ಐದೈದು ಬೋರ್‌ವೆಲ್ ಸಾಕು. ಪಂಪ್ ಐದು ನಿಮಿಷ ಓಡಿದ ಮೇಲೆ, ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ಹಿಡಿಯಲಿ. ಪೈಪಿನಲ್ಲಿ ನಿಂತ ನೀರು ಅಳತೆ ಕೆಡಿಸುತ್ತೆ. ಟಿಡಿಎಸ್ ಮೀಟರ್ ನಂಬಬೇಡಿ, ಅದು ನೀರಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ಅಂದಾಜಿಸುತ್ತೆ, ನೈಟ್ರೇಟನ್ನು ಬೇರೆಯಾಗಿ ತೋರಿಸಲ್ಲ. ನೀರಲ್ಲಿ ಅದ್ದಿದರೆ ಬಣ್ಣ ಬದಲಿಸೋ ನೈಟ್ರೇಟ್ ಪರೀಕ್ಷಾ ಪಟ್ಟಿ (ಟೆಸ್ಟ್ ಸ್ಟ್ರಿಪ್) ಬೇಕು. ಕುಡಿಯುವ ನೀರಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಪಟ್ಟಿ ಇಡೀ ನೈಟ್ರೇಟ್ ಬಿಟ್ಟು ಅದರೊಳಗಿನ ನೈಟ್ರೋಜನ್ ಮಾತ್ರ ಲೆಕ್ಕ ಹಾಕೋದಾದರೆ ಅದೇ ಮಿತಿ ಸುಮಾರು 10 ಅಂತ ಓದುತ್ತೆ, ಇಲ್ಲೇ ಬಹಳ ಜನ ಎಡವೋದು.

ನಾಯಕತ್ವ ವಾರಕ್ಕೊಬ್ಬರಿಗೆ. ಆ ವಾರದ ನಾಯಕ ತಾನೇ ಪರೀಕ್ಷಾ ಪಟ್ಟಿ ಮುಟ್ಟೋ ಹಾಗಿಲ್ಲ. ಕೆಲಸ ಹಂಚಿ, ಅಂಕಿ ಪರಿಶೀಲಿಸಿ ಸಹಿ ಹಾಕಬೇಕು. ಈಗ ಎಲ್ಲ ಬರೆಯೋ ಆ ಚುರುಕು ಹುಡುಗಿಯ ಸರದಿ ಕೊನೆಗಿರಲಿ.