‘ಗೆಟ್’ ಎಂಬ ಒಂದೇ ಕ್ರಿಯಾಪದಕ್ಕೆ ಇಷ್ಟೊಂದು ಅರ್ಥಗಳು ಏಕೆ?

ಇಂಗ್ಲಿಷಿನ ‘ಗೆಟ್’ ಪದದ ತಿರುಳು ಒಂದೇ: ಮೊದಲು ಇಲ್ಲದಿದ್ದುದು ಈಗ ದೊರಕುವುದು. ದೊರಕಿದ್ದು ವಸ್ತುವೋ, ಸ್ಥಿತಿಯೋ, ಸ್ಥಳವೋ ಎಂಬುದಕ್ಕೆ ತಕ್ಕಂತೆ ನಾವು ಅದನ್ನು ಕನ್ನಡದಲ್ಲಿ ಬೇರೆ ಬೇರೆ ಕ್ರಿಯಾಪದಗಳಿಂದ ಹೇಳುತ್ತೇವೆ, ಅಷ್ಟೇ.

ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರ ನುಡಿಯಿಂದ ಇಂಗ್ಲಿಷಿಗೆ ಸೇರಿದ ಈ ಪದದ ಮೂಲಾರ್ಥ ‘ಪಡೆ’ ಎಂಬುದು. ‘ಐ ಗಾಟ್ ಎ ಲೆಟರ್’ ಎಂದರೆ ನನಗೆ ಪತ್ರ ಬಂತು. ಪಡೆದದ್ದು ಸ್ಥಿತಿಯಾದರೆ ಅದು ನಮ್ಮ ‘ಆಗು’: ‘ಇಟ್ ಈಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ಸ್ಥಳವಾದರೆ ‘ತಲುಪು’: ‘ವಿ ಗಾಟ್ ಟು ಮಂಡ್ಯ’, ನಾವು ಮಂಡ್ಯ ತಲುಪಿದೆವು.

ನಮ್ಮ ವಿದ್ಯಾರ್ಥಿಗಳು ಹೆಚ್ಚು ಎಡವುವುದು, ನನ್ನ ದೃಷ್ಟಿಯಲ್ಲಿ, ಇನ್ನೊಂದು ಬಳಕೆಯಲ್ಲಿ. ಮೈಸೂರಿನ ಅಂಗಡಿಯೊಂದರಲ್ಲಿ ಸೈಕಲ್ ರಿಪೇರಿ ಮಾಡಿಸಿ ಬಂದವರು ‘ಐ ರಿಪೇರ್ಡ್ ಮೈ ಸೈಕಲ್’ ಎಂದರೆ, ತಾವೇ ಕೈಯಾರೆ ರಿಪೇರಿ ಮಾಡಿದೆವು ಎಂದಂತಾಗುತ್ತದೆ. ಕನ್ನಡವು ‘ಮಾಡು’ ಎಂಬುದಕ್ಕೆ ‘ಇಸು’ ಪ್ರತ್ಯಯ ಸೇರಿಸಿ ‘ಮಾಡಿಸು’ ಎಂದು ಹೇಳುವುದನ್ನು ಇಂಗ್ಲಿಷ್ ‘ಗೆಟ್’ ಮೂಲಕ ಹೇಳುತ್ತದೆ: ‘ಐ ಗಾಟ್ ಮೈ ಸೈಕಲ್ ರಿಪೇರ್ಡ್’. ಇಲ್ಲಿಯೂ ಪಡೆದದ್ದೇ ಇದೆ, ರಿಪೇರಿಯಾದ ಸೈಕಲನ್ನು.

ಇದು ವಿಚಿತ್ರವೆನಿಸಿದರೆ ನಮ್ಮ ‘ಹಿಡಿ’ಯನ್ನು ನೋಡಿ. ಕೈ ಹಿಡಿಯುತ್ತೇವೆ, ಬಸ್ಸು ಹಿಡಿಯುತ್ತೇವೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ. ಇವನ್ನು ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ.

ಅರ್ಜಿ, ವರದಿಗಳಂಥ ಔಪಚಾರಿಕ ಬರವಣಿಗೆಯಲ್ಲಿ ಮಾತ್ರ ‘ರಿಸೀವ್’, ‘ಬಿಕಮ್’, ‘ಅರೈವ್’ ಎಂಬ ನಿಖರ ಪದಗಳು ಮೇಲು.