ಪ್ರತಿಕ್ರಿಯೆ: ಚಿತ್ರಗಳನ್ನು ಮೊದಲೇ ಬರೆಸಬೇಕೆ?

ನಮಸ್ಕಾರ. ನಿಮ್ಮ 1,500 ಪದಗಳ ಮಕ್ಕಳ ಕಥೆಯನ್ನು ಪ್ರಕಾಶಕರಿಗೆ ಕಳುಹಿಸುವ ಮುನ್ನ ಸ್ವಂತ ಖರ್ಚಿನಲ್ಲಿ ಚಿತ್ರಗಳನ್ನು ಬರೆಸಬೇಕೆ ಎಂದು ಕೇಳಿದ್ದೀರಿ. ಅದರ ಅಗತ್ಯವಿಲ್ಲ. ಕಲಾವಿದರನ್ನು ಆರಿಸುವುದು ಸಾಮಾನ್ಯವಾಗಿ ಪ್ರಕಾಶನ ಸಂಸ್ಥೆಯ ಕೆಲಸವಾಗಿರುವುದರಿಂದ, ನೀವು ಬರೆಸಿದ ಚಿತ್ರಗಳು ಸಂಪಾದಕರಿಗೆ ಒಪ್ಪಿಗೆಯಾಗದಿದ್ದರೆ ಕಥೆಯೂ ಅವುಗಳ ಜೊತೆಗೇ ಹಿಂದಿರುಗಬಹುದು. (ನೀವೇ ಚಿತ್ರಕಾರರಾಗಿದ್ದರೆ ಮಾತು ಬೇರೆ.)

ನನಗೆ ಹೆಚ್ಚು ಮುಖ್ಯವೆನಿಸಿದ್ದು ಹಸ್ತಪ್ರತಿಯ ಉದ್ದ. ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಅದನ್ನು 8 ಅಥವಾ 16 ಪುಟಗಳಾಗುವಂತೆ ಮಡಿಸುವ ಪದ್ಧತಿಯಿಂದಾಗಿ ಚಿತ್ರಪುಸ್ತಕಗಳು ಬಹುಮಟ್ಟಿಗೆ 32 ಪುಟಗಳಲ್ಲಿ ಮುಗಿಯುತ್ತವೆ. ಶೀರ್ಷಿಕೆ, ಹಕ್ಕುಸ್ವಾಮ್ಯ ಮುಂತಾದವುಗಳ ಪುಟಗಳನ್ನು ಬಿಟ್ಟರೆ ಕಥೆಗೆ ದೊರೆಯುವುದು 12ರಿಂದ 14 ಜೋಡಿಪುಟಗಳು (ಪುಸ್ತಕ ತೆರೆದಾಗ ಎದುರುಬದುರಾಗಿ ಕಾಣುವ ಎರಡೆರಡು ಪುಟಗಳು) ಮಾತ್ರ. ಎಂಟು ಹಾಳೆಗಳನ್ನು ಒಟ್ಟಿಗೆ ನಡುವೆ ಮಡಿಸಿ 32 ಪುಟಗಳ ಕರಡು ಪುಸ್ತಿಕೆಯೊಂದನ್ನು ಮಾಡಿಕೊಂಡು, ನಿಮ್ಮ ಕಥೆಯನ್ನು ಅದರಲ್ಲಿ ಹಂಚಿ, ಗಟ್ಟಿಯಾಗಿ ಓದಿ ನೋಡಿ. ಎಲ್ಲಿ ಪುಟ ತಿರುಗಿಸುವ ಕುತೂಹಲ ಹುಟ್ಟುವುದಿಲ್ಲ, ಯಾವ ಜೋಡಿಪುಟದಲ್ಲಿ ಕಲಾವಿದರಿಗೆ ಬರೆಯಲು ಹೊಸದೇನೂ ಇಲ್ಲ ಎಂಬುದು ಆಗ ತಾನಾಗಿ ಕಾಣಿಸುತ್ತದೆ. ನಾಯಿಯ ಬಣ್ಣ, ಅಂಗಿಯ ಗೆರೆ, ಮಳೆಯ ಮೋಡ, ಇವನ್ನೆಲ್ಲ ಚಿತ್ರವೇ ಹೇಳುವುದರಿಂದ ಆ ವಾಕ್ಯಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಿರಿ. ಸುಮಾರು 500 ಪದಗಳಿಗೆ ಇಳಿದರೂ ಕಥೆ ಬಡವಾಗುವುದಿಲ್ಲ.

ಹಸ್ತಪ್ರತಿ ಸ್ವೀಕೃತವಾದ ಮೇಲೆ ಪೆನ್ಸಿಲ್ ಕರಡು, ತಿದ್ದುಪಡಿ, ಅಂತಿಮ ಚಿತ್ರ, ಪುಟವಿನ್ಯಾಸ, ಪ್ರೂಫ್ ಎಂದು ಒಂದೆರಡು ವರ್ಷ ಹಿಡಿಯುವುದು ಅಪರೂಪವಲ್ಲ. ಒಪ್ಪಂದಕ್ಕೆ ಸಹಿ ಹಾಕುವಾಗ ಗೌರವಧನ ಒಂದೇ ಬಾರಿಗೋ ಅಥವಾ ಮಾರಾಟದ ಪಾಲೋ, ಅನುವಾದದ ಹಕ್ಕು ಯಾರಲ್ಲಿ ಉಳಿಯುತ್ತದೆ ಎಂಬ ಎರಡು ಅಂಶಗಳನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಿ.