ಏರ್ ಲೈನಿನಲ್ಲಿ ನೀರು: ಫಿಲ್ಟರನ್ನು ಬೈಯುವ ಮುನ್ನ

ಮಳೆಗಾಲ ಹಿಡಿದ ಹದಿನೈದು ದಿನಗಳೊಳಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಕೇಳುತ್ತವೆ: ಏರ್ ಲೈನಿನಲ್ಲಿ, ಎಂದರೆ ಕಂಪ್ರೆಸರ್ ಒತ್ತಿದ ಗಾಳಿಯನ್ನು ಮಷಿನ್ನುಗಳಿಗೆ ಒಯ್ಯುವ ಪೈಪಿನಲ್ಲಿ, ನೀರು ಬರುತ್ತಿದೆ, ಯಾವ ಫಿಲ್ಟರ್ ಹಾಕಿಸಬೇಕು? ಹೋದ ವರ್ಷ ಉತ್ತರಿಸಿದ್ದೆ, ಅದರ ಹಿಂದಿನ ವರ್ಷವೂ ಉತ್ತರಿಸಿದ್ದೆ. ಆದರೂ ಪ್ರಶ್ನೆ ಮಾತ್ರ ಅಂಗಡಿಯ ಕೌಂಟರಿನಲ್ಲಿ ನಿಂತು ಕೇಳುವ ಧಾಟಿಯಲ್ಲೇ ಉಳಿದಿರುವುದರಿಂದ, ಈ ಬಾರಿ ಒಂದು ಪತ್ರವನ್ನು ಹಿಡಿದು ವಿವರವಾಗಿ ಬರೆಯುತ್ತೇನೆ. ಉಳಿದವರಿಗೆ ಕೊನೆಯಲ್ಲಿ ಒಂದೆರಡು ಮಾತು. ಕಂಪ್ರೆಸರಿನ ಎಣ್ಣೆಯನ್ನು ಯಾವಾಗ ಬದಲಿಸಬೇಕು, ಬೆಲ್ಟು ಎಷ್ಟು ಬಿಗಿಯಿರಬೇಕು ಎಂಬುದನ್ನೆಲ್ಲ ನನ್ನಿಂದ ನಿರೀಕ್ಷಿಸಬೇಡಿ. ಅದಕ್ಕೆ ಯಂತ್ರದೊಂದಿಗೆ ಬಂದ ಪುಸ್ತಕವಿದೆ, ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರಾದರೂ ಹರಿದರೆ ಸಾಕು.

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಮೂರು ವಿಎಂಸಿ (ಲೋಹ ಕೊರೆಯುವ ಕಂಪ್ಯೂಟರ್ ನಿಯಂತ್ರಿತ ಯಂತ್ರ), ಎರಡು ಸಿಎನ್‌ಸಿ ಲೇತ್. 20 ಎಚ್‌ಪಿಯ ಸ್ಕ್ರೂ ಕಂಪ್ರೆಸರ್, 80 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಸಾಮರ್ಥ್ಯದ, ಗಾಳಿ ಒಣಗಿಸುವ ಡ್ರೈಯರ್ ಮತ್ತು 500 ಲೀಟರ್ ಟ್ಯಾಂಕ್ ಶೆಡ್ಡಿನ ಹಿಂದೆ ತಗಡಿನ ಮಾಡಿನ ಕೋಣೆಯಲ್ಲಿವೆ. ಜೂನ್‌ನಿಂದ ಏರ್ ಗನ್ನಿನಲ್ಲಿ ನೀರು ಸಿಡಿಯುತ್ತಿದೆ, ಬೆಳಿಗ್ಗೆಯಂತೂ ಹೇಳತೀರದು. ಪ್ರತಿ ಮಷಿನ್ನಿಗೂ ಹೊಸ ಎಫ್‌ಆರ್‌ಎಲ್ (ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್ ಸೇರಿದ ಘಟಕ) ಹಾಕಿಸಿ, ಎರಡು ಸಲ ಅದರೊಳಗಿನ ಸೋಸುವ ಎಲಿಮೆಂಟ್ ಬದಲಿಸಿದ್ದೇವೆ. ಯಾವ ಕಂಪನಿಯ ಫಿಲ್ಟರ್ ಒಳ್ಳೆಯದು?

ಉತ್ತರ: ಯಾವ ಕಂಪನಿಯದೂ ಅಲ್ಲ. ಫಿಲ್ಟರ್ ತಡೆಯುವುದು ಹನಿಯನ್ನು; ಆವಿ ಅದರೊಳಗಿಂದ ಗಾಳಿಯ ಜೊತೆಗೇ ನುಸುಳಿ ಹೋಗಿ, ಮುಂದೆ ತಣ್ಣನೆಯ ಜಾಗ ಸಿಕ್ಕಲ್ಲಿ ಹನಿಯಾಗುತ್ತದೆ. ನೀವು ಆವಿಯ ಸಮಸ್ಯೆಗೆ ಹನಿಯ ಮದ್ದನ್ನು ಎರಡು ಸಲ ಕೊಂಡಿದ್ದೀರಿ.

ನೀರು ಎಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕೋಣ. ನಿಮ್ಮ ಕಂಪ್ರೆಸರ್ ನಿಮಿಷಕ್ಕೆ ಸುಮಾರು 80 ಘನ ಅಡಿ, ಎಂದರೆ ಗಂಟೆಗೆ ಸುಮಾರು 136 ಘನ ಮೀಟರ್ ಹೊರಗಾಳಿಯನ್ನು ಎಳೆದುಕೊಳ್ಳುತ್ತದೆ. 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 80ರ ತೇವಾಂಶವಿರುವ ಮಳೆಗಾಲದ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 22 ಗ್ರಾಂ ನೀರಾವಿ ಇರುತ್ತದೆ. ಗುಣಿಸಿದರೆ ಗಂಟೆಗೆ ಸುಮಾರು 3 ಲೀಟರ್. ಕಂಪ್ರೆಸರ್ ಪೂರ್ತಿ ಲೋಡಿನಲ್ಲಿ ಓಡಿದರೆ ಎಂಟು ಗಂಟೆಯ ಶಿಫ್ಟಿಗೆ 24 ಲೀಟರ್; ಅಂಗಡಿಯಿಂದ ತರಿಸುವ ಕುಡಿಯುವ ನೀರಿನ ಕ್ಯಾನಿನಲ್ಲಿ ಅದು ಹಿಡಿಯುವುದಿಲ್ಲ. ಅಂಗೈಯಗಲದ ಫಿಲ್ಟರ್ ಬಟ್ಟಲಿನಿಂದ ನೀವು ಏನನ್ನು ಬೇಡುತ್ತಿದ್ದೀರಿ ಎಂಬುದು ಈಗ ತಿಳಿದಿರಬೇಕು.

ಈ 136 ಘನ ಮೀಟರ್ ಗಾಳಿಯನ್ನು 7 ಬಾರ್‌ಗೆ (ಗೇಜಿನ ಅಂಕಿ; ವಾತಾವರಣದ ಒಂದು ಬಾರ್ ಸೇರಿಸಿದರೆ 8) ಒತ್ತಿದಾಗ ಅದು ಸುಮಾರು 17 ಘನ ಮೀಟರಿಗೆ ಕುಗ್ಗುತ್ತದೆ. ಒಂದು ಘನ ಮೀಟರ್ ಜಾಗ ಎಷ್ಟು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ಒತ್ತಡವಲ್ಲ: 50 ಡಿಗ್ರಿಯಲ್ಲಿ ಸುಮಾರು 83 ಗ್ರಾಂ, 35 ಡಿಗ್ರಿಯಲ್ಲಿ 40, 28ರಲ್ಲಿ 27, 3 ಡಿಗ್ರಿಯಲ್ಲಿ ಬರೀ 6. ತಗಡಿನ ಮಾಡಿನ ಕೆಳಗೆ, ಕಂಪ್ರೆಸರಿನ ಬಿಸಿಯುಸಿರನ್ನೇ ಕುಡಿಯುತ್ತಾ ನಿಂತಿರುವ ನಿಮ್ಮ ಟ್ಯಾಂಕಿನ ಗಾಳಿ 50 ಡಿಗ್ರಿ ಇದೆ ಎಂದುಕೊಳ್ಳಿ. ಆಗ ಗಂಟೆಗೆ 3 ಲೀಟರಿನಲ್ಲಿ 1.4 ಲೀಟರ್ ಆವಿಯಾಗಿಯೇ ಮುಂದೆ ಸಾಗುತ್ತದೆ. ಅದನ್ನು ಯಾರೂ ತಡೆಯದಿದ್ದರೆ, ಶೆಡ್ಡಿನೊಳಗಿನ 28 ಡಿಗ್ರಿಯ ಪೈಪಿನಲ್ಲಿ ಹೆಚ್ಚು ಕಡಿಮೆ ಒಂದು ಲೀಟರ್ ಹನಿಗಟ್ಟುತ್ತದೆ, ಅದೂ ಪ್ರತಿ ಗಂಟೆಗೆ. ಗಾಳಿಯ ದಾರಿಯಲ್ಲಿ ಎಲ್ಲಕ್ಕಿಂತ ತಣ್ಣನೆಯ ಜಾಗ ಯಾವುದೋ ನೀರು ಇಳಿಯುವುದು ಅಲ್ಲಿ. ಆ ಜಾಗ ಡ್ರೈಯರಿನೊಳಗಿದ್ದರೆ ನೀವು ಗೆದ್ದಿರಿ. ವಿಎಂಸಿಯ ಸೊಲೆನಾಯ್ಡ್ ವಾಲ್ವಿನೊಳಗಿದ್ದರೆ ಸರ್ವೀಸ್ ಎಂಜಿನಿಯರ್ ಗೆದ್ದರು.

ನಿಮ್ಮಲ್ಲಿ ಡ್ರೈಯರ್ ಇದೆ, ನಿಜ. ಆದರೆ ಅದರ ಡ್ರೈನ್‌ನಿಂದ ನೀರು ಬರುತ್ತಿದೆಯೇ ಎಂಬ ಒಂದು ಸಾಲು ಪತ್ರದಲ್ಲಿಲ್ಲ. ಮೊದಲು ಮಾಡಬೇಕಾದ ಕೆಲಸ ಅದು, ಖರ್ಚು ಒಂದು ಖಾಲಿ ಬಕೆಟ್. ಡ್ರೈಯರ್ ಗಾಳಿಯನ್ನು 3 ಡಿಗ್ರಿಯವರೆಗೆ ತಣಿಸಿ ನೀರನ್ನು ಬೇರ್ಪಡಿಸುತ್ತದೆ, ಆದರೆ ಬೇರ್ಪಟ್ಟ ನೀರು ಹೊರಹೋಗುವ ಸಣ್ಣ ವಾಲ್ವಿನಲ್ಲಿ ತುಕ್ಕಿನ ಚೂರೊಂದು ಕುಳಿತರೆ ಆ ನೀರು ಅಲ್ಲೇ ತುಂಬಿ, ಗಾಳಿಯ ರಭಸಕ್ಕೆ ಸಿಕ್ಕಿ ಪುನಃ ಲೈನಿಗೇ ಹೋಗುತ್ತದೆ. ಡಿಸ್‌ಪ್ಲೇಯಲ್ಲಿ 3 ಡಿಗ್ರಿ ಹೊಳೆಯುತ್ತಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ಮಾಲೀಕರು ಫಿಲ್ಟರ್ ಕಂಪನಿಯನ್ನು ಬೈಯುತ್ತಿರುತ್ತಾರೆ. ನಾನು ನೋಡಲು ಹೋದ ಶೆಡ್ಡುಗಳಲ್ಲಿ ಅರ್ಧದಷ್ಟು ಕಡೆ ಕಥೆ ಇಷ್ಟೇ. ವಾಲ್ವಿನ ಮುಂದಿನ ಜಾಲರಿಯನ್ನು ಬಿಚ್ಚಿ ತೊಳೆದು, ಟೆಸ್ಟ್ ಬಟನ್ ಒತ್ತಿದಾಗ ನೀರು ಚಿಮ್ಮಿ ಬರುತ್ತದೆಯೇ ನೋಡಿ. ಟೈಮರ್ ಮಾದರಿಯದಾದರೆ ಮಳೆಗಾಲದಲ್ಲಿ ಅದು ತೆರೆಯುವ ಅಂತರವನ್ನು ಕಡಿಮೆ ಮಾಡಬೇಕು. ಜನವರಿಯ ಸೆಟ್ಟಿಂಗ್ ಜುಲೈಗೆ ಸಾಲದು.

ಡ್ರೈನ್ ಸರಿಯಿದ್ದೂ ನೀರು ಬರುತ್ತಿದ್ದರೆ ಡ್ರೈಯರಿನ ಮೇಲೆ ಬರೆದ 80 ಸಿಎಫ್‌ಎಂ ಎಂಬ ಅಂಕಿಯನ್ನು ಅನುಮಾನಿಸಿ. ಆ ಅಂಕಿ ಸುಳ್ಳಲ್ಲ, ಆದರೆ ಷರತ್ತಿನದು. ಡ್ರೈಯರುಗಳ ಸಾಮರ್ಥ್ಯವನ್ನು ಹೇಳುವ ಐಎಸ್‌ಒ 7183 ಮಾನದಂಡದ ಒಂದು ಲೆಕ್ಕದಲ್ಲಿ ಒಳಬರುವ ಗಾಳಿ 35 ಡಿಗ್ರಿ, ಸುತ್ತಲಿನ ಗಾಳಿ 25 ಡಿಗ್ರಿ. ಇನ್ನೊಂದು ಲೆಕ್ಕದಲ್ಲಿ ಎರಡೂ 38 ಡಿಗ್ರಿ. ಕೊಟೇಶನ್ನಿನಲ್ಲಿ ಯಾವುದನ್ನು ಹಿಡಿದಿದ್ದಾರೆ ಎಂದು ನಮ್ಮವರು ಕೇಳುವುದಿಲ್ಲ, ಮಾರುವವರು ತಾವಾಗಿ ಹೇಳುವುದಿಲ್ಲ. 50 ಡಿಗ್ರಿಯ ಗಾಳಿಯಲ್ಲಿ 35 ಡಿಗ್ರಿಯ ಗಾಳಿಗಿಂತ ಎರಡು ಪಟ್ಟು ಆವಿ ಇರುವುದರಿಂದ, ಮೊದಲ ಲೆಕ್ಕದಲ್ಲಿ 80 ಎಂದು ಬರೆದ ಡ್ರೈಯರ್ ನಿಮ್ಮ ತಗಡಿನ ಕೋಣೆಯಲ್ಲಿ ಅದರ ಅರ್ಧದ ಆಸುಪಾಸಿಗೆ ಇಳಿದಿರಬಹುದು. ಇದಕ್ಕೆ ದೊಡ್ಡ ಡ್ರೈಯರ್ ಕೊಳ್ಳುವ ಮೊದಲು ಕೋಣೆಯನ್ನು ತಣ್ಣಗಾಗಿಸಿ. ಕಂಪ್ರೆಸರಿನ ಬಿಸಿಗಾಳಿ ಕೋಣೆಯೊಳಗೇ ಸುತ್ತದಂತೆ ತಗಡಿನ ಡಕ್ಟ್ ಮಾಡಿಸಿ ಹೊರಗೆ ಬಿಡಿ, ಎದುರು ಗೋಡೆಯಲ್ಲಿ ಕೆಳಗೆ ಗಾಳಿ ಒಳಬರಲು ಧಾರಾಳವಾಗಿ ಜಾಗ ಕೊಡಿ, ಒತ್ತಿದ ಬಿಸಿಗಾಳಿಯನ್ನು ತಣಿಸುವ ಆಫ್ಟರ್‌ಕೂಲರಿನ ಮತ್ತು ಡ್ರೈಯರ್ ಕಂಡೆನ್ಸರಿನ ರೆಕ್ಕೆಗಳಲ್ಲಿ ಕುಳಿತ ಧೂಳನ್ನು ವಾರಕ್ಕೊಮ್ಮೆ ಊದಿ ತೆಗೆಸಿ. ಬೀಡಿನ (ಎರಕದ ಕಬ್ಬಿಣದ) ಕೆಲಸ ಮಾಡುವ ಶೆಡ್ಡುಗಳಲ್ಲಿ ಆ ಧೂಳು ಎಣ್ಣೆಯೊಂದಿಗೆ ಸೇರಿ ರೊಟ್ಟಿಯಂತೆ ಹೆಪ್ಪುಗಟ್ಟಿರುವುದನ್ನು ಕಂಡಿದ್ದೇನೆ. ಬೆರಳಿನಿಂದ ಎಬ್ಬಿಸಿದರೆ ಪದರವಾಗಿಯೇ ಕಿತ್ತು ಬರುತ್ತದೆ. ಅದರ ಹಿಂದಿರುವ ರೆಕ್ಕೆಗಳು ಏನನ್ನು ತಣಿಸಬೇಕು?

ಇನ್ನು ಬೆಳಗಿನ ನೀರು. ರಾತ್ರಿಯ ತಂಪಿಗೆ ಪೈಪಿನೊಳಗೆ ಇಬ್ಬನಿ ಬೀಳುತ್ತದೆ ಎಂಬ ಮಾತನ್ನು ಅನುಭವಿ ಫಿಟ್ಟರುಗಳ ಬಾಯಲ್ಲೂ ಕೇಳಿದ್ದೇನೆ. ಒಂದೂವರೆ ಇಂಚಿನ, 60 ಮೀಟರ್ ಉದ್ದದ ಲೈನಿನೊಳಗೆ ಇರುವ ಒಟ್ಟು ಜಾಗ ಸುಮಾರು 80 ಲೀಟರ್. ಅದರಲ್ಲಿ ಮುಚ್ಚಿಟ್ಟ ಗಾಳಿ 40 ಡಿಗ್ರಿಯಿಂದ 20ಕ್ಕೆ ಇಳಿದರೂ ಹನಿಯಾಗುವ ನೀರು ಮೂರು ಗ್ರಾಂ ಮೀರುವುದಿಲ್ಲ, ಒಂದು ಚಮಚವೂ ಅಲ್ಲ. ಬೆಳಿಗ್ಗೆ ಗನ್ನಿನಿಂದ ಸಿಡಿಯುವ ಬಟ್ಟಲು ನೀರು ನಿನ್ನೆ ಇಡೀ ದಿನ ಪೈಪಿನ ಗೋಡೆಗೆ ಅಂಟಿಕೊಂಡಿದ್ದು. ಗಾಳಿಯ ಓಟ ನಿಂತ ಮೇಲೆ ನಿಧಾನವಾಗಿ ಜಾರಿ ತಗ್ಗಿನ ಎಲ್ಬೊಗಳಲ್ಲಿ ಸೇರಿದ್ದು. ಆದ್ದರಿಂದ ರಾತ್ರಿಯನ್ನು ದೂರದೆ ಪೈಪಿನ ಇಳಿಜಾರನ್ನು ನೋಡಿ. ಮುಖ್ಯ ಲೈನು ಕಂಪ್ರೆಸರಿನಿಂದ ದೂರ ಹೋದಂತೆ ನೂರಕ್ಕೆ ಒಂದರಂತೆ ಇಳಿಯುತ್ತಿರಬೇಕು. ಪ್ರತಿ ತಗ್ಗಿನ ಕೊನೆಯಲ್ಲಿ ಕೆಳಮುಖವಾದ ಒಂದು ಗೇಣು ಪೈಪು ಮತ್ತು ಅದರ ತುದಿಗೆ ಬಾಲ್ ವಾಲ್ವ್ ಇರಬೇಕು. ಮಷಿನ್ನಿಗೆ ಇಳಿಯುವ ಕವಲನ್ನು ಮುಖ್ಯ ಪೈಪಿನ ಮೇಲ್ಭಾಗದಿಂದ ತೆಗೆದು, ಕೊಕ್ಕರೆಯ ಕತ್ತಿನಂತೆ ಬಾಗಿಸಿ ಕೆಳಗಿಳಿಸಬೇಕು. ಕೆಳಭಾಗದಿಂದ ಟೀ (ಕವಲಿನ ಜೋಡಣೆ) ತೆಗೆದರೆ ಪೈಪಿನ ತಳದಲ್ಲಿ ಹರಿಯುವ ನೀರು ನೇರವಾಗಿ ಮಷಿನ್ನಿಗೆ ಬೀಳುತ್ತದೆ. ಇದನ್ನು ಹೇಳಿದಾಗ ಎಲ್ಲರೂ ತಲೆದೂಗುತ್ತಾರೆ, ಹೊಸ ಮಷಿನ್ ಬಂದ ದಿನ ಮಾತ್ರ ಪ್ಲಂಬರ್ ಕೈಗೆಟುಕುವ ಕೆಳಭಾಗಕ್ಕೇ ಟೀ ಹಾಕಿ ಹೋಗುತ್ತಾನೆ.

ಡ್ರೈಯರ್ ಸರಿಯಾದ ಮೇಲೂ ಇಳಿಜಾರು ಬೇಕೇ ಎಂದು ಕೇಳುವವರಿದ್ದಾರೆ. ಬೇಕು. ಕರೆಂಟ್ ಹೋಗಿ ಬಂದಾಗ ಕಂಪ್ರೆಸರ್ ಕೂಡಲೇ ಎದ್ದು ಗಾಳಿ ತಳ್ಳುತ್ತದೆ, ಡ್ರೈಯರ್ ತಣ್ಣಗಾಗಲು ಹಲವು ನಿಮಿಷ ಬೇಕು. ಅಷ್ಟರಲ್ಲಿ ಹೋದ ಒದ್ದೆ ಗಾಳಿಯ ಲೆಕ್ಕ ಯಾರಿಗೆ? ಬೆಳಿಗ್ಗೆಯೂ ಮೊದಲು ಡ್ರೈಯರ್ ಹಾಕಿ, ಅದು ತಣಿದ ಮೇಲೆ ಕಂಪ್ರೆಸರ್ ಹಾಕುವ ಅಭ್ಯಾಸ ಮಾಡಿಸಿ. ಟ್ಯಾಂಕಿನ ತಳದ ಡ್ರೈನನ್ನು ನಿಮ್ಮ ಕಣ್ಣೆದುರೇ ತೆರೆಸಿ. ಬೆಲ್ಲದ ಕಾಫಿಯ ಬಣ್ಣದ ನೀರು ಬಂದರೆ ಅದು ಟ್ಯಾಂಕಿನ ಉಕ್ಕು ಕರಗಿ ಬರುತ್ತಿರುವ ಬಣ್ಣ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 31ನೇ ಕಲಂ ಒತ್ತಡದ ಪಾತ್ರೆಗಳು ಸುರಕ್ಷಿತ ಮಿತಿಯನ್ನು ಮೀರದಂತೆ ನೋಡಿಕೊಳ್ಳುವ ಹೊಣೆಯ ಬಗ್ಗೆಯೇ ಇತ್ತು. ಒಳಗಿನಿಂದ ತೆಳುವಾದ ಟ್ಯಾಂಕಿಗೆ ಆ ಮಿತಿ ಎಲ್ಲಿದೆ ಎಂದು ಹೊರಗಿನ ಬಣ್ಣ ನೋಡಿ ಹೇಳಲಾಗದು, ಅರ್ಹ ಪರೀಕ್ಷಕರನ್ನು ಕರೆಸಿ.

ಇಷ್ಟು ಕಟುವಾಗಿ ಬರೆಯಲು ನನಗೊಂದು ಸ್ವಂತ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದ ಶಾಪಿನಲ್ಲಿ ವಾಲ್ವ್ ಬಾಡಿಗಳ ಬೋರನ್ನು (ಒಳಗಿನ ರಂಧ್ರವನ್ನು) ಏರ್ ಗೇಜಿನಿಂದ, ಎಂದರೆ ರಂಧ್ರಕ್ಕಿಳಿಸಿದ ಪ್ಲಗ್ಗಿನ ಜೆಟ್ಟಿನಿಂದ ಗಾಳಿ ಬಿಟ್ಟು ಅದರ ಒತ್ತಡ ನೋಡಿ, ಅಳೆಯುತ್ತಿದ್ದೆವು. ಒಂದು ಆಗಸ್ಟ್ ಮಧ್ಯಾಹ್ನ ಗೇಜು ಬೋರುಗಳನ್ನೆಲ್ಲ ನಾಲ್ಕೈದು ಮೈಕ್ರಾನ್ ಚಿಕ್ಕದಾಗಿ ತೋರಿಸತೊಡಗಿತು. ನಾನು ಬೋರನ್ನು ಉಜ್ಜಿ ನಯಗೊಳಿಸುವ ಹೋನಿಂಗ್ ಆಪರೇಟರಿಗೆ ಇನ್ನಷ್ಟು ಉಜ್ಜಲು ಹೇಳಿದೆ, ಅವರು ಉಜ್ಜಿದರು. ಸಂಜೆ ಪ್ಲಗ್ಗಿನ ಜೆಟ್ಟನ್ನು ಬೆಳಕಿಗೆ ಹಿಡಿದಾಗ ಅದರ ಬಾಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣದೊಂದು ಹನಿ ಕುಳಿತಿತ್ತು. ಜೆಟ್ಟು ಅರ್ಧ ಮುಚ್ಚಿದರೆ ಹಿಂದಿನ ಒತ್ತಡ ಏರುತ್ತದೆ, ಒತ್ತಡ ಏರಿದರೆ ಗೇಜಿಗೆ ಬೋರು ಕಿರಿದಾದಂತೆ ಕಾಣುತ್ತದೆ. ಅಂದು ಉಜ್ಜಿದ ಬಾಡಿಗಳೆಲ್ಲ ಓವರ್‌ಸೈಜ್ ಆಗಿ ಸ್ಕ್ರ್ಯಾಪಿಗೆ ಹೋದವು. ಅಂದಿನಿಂದ ಗೇಜು ಅನುಮಾನ ತರಿಸಿದರೆ ನಾನು ಮೊದಲು ಮುಟ್ಟುವುದು ಡ್ರೈನ್ ಕಾಕನ್ನು. ನಿಮ್ಮ ವಿಎಂಸಿಯ ಸ್ಥಾನ ಅಳೆಯುವ ಲೀನಿಯರ್ ಸ್ಕೇಲಿಗೂ ಸ್ಪಿಂಡಲಿಗೂ ಹೋಗುವ, ಕೊಳೆ ಒಳನುಗ್ಗದಂತೆ ತಡೆಯುವ ಪರ್ಜ್ ಗಾಳಿಯ ಬಗ್ಗೆ ಯಂತ್ರದ ಕೈಪಿಡಿಯಲ್ಲಿ ಐಎಸ್‌ಒ 8573-1 ಎಂಬ ಮಾನದಂಡದ ದರ್ಜೆ ಬರೆದಿರಬಹುದು. ಅದರಲ್ಲಿ ನೀರಿನ ನಾಲ್ಕನೇ ದರ್ಜೆ ಎಂದರೆ ಒತ್ತಡದಲ್ಲಿ 3 ಡಿಗ್ರಿಯ ಇಬ್ಬನಿ ಬಿಂದು, ಎಂದರೆ 3 ಡಿಗ್ರಿಗೆ ತಣಿಯುವವರೆಗೆ ಗಾಳಿಯಲ್ಲಿ ಹನಿ ಕಟ್ಟುವುದಿಲ್ಲ. ಕೆಲಸ ಮಾಡುವ ಡ್ರೈಯರ್ ಅದನ್ನು ಕೊಡುತ್ತದೆ, ಕೆಲಸ ಮಾಡುವಂತೆ ಕಾಣುವ ಡ್ರೈಯರ್ ಕೊಡುವುದಿಲ್ಲ.

ಇನ್ನುಳಿದ ಪತ್ರಗಳು.

ಟ್ಯಾಂಕಿನ ಮುಂದೆ ಒಂದು ಕಿಲೋ ಸಿಲಿಕಾ ಜೆಲ್ ತುಂಬಿದ ಬಾಟಲಿ ಹಾಕಿದರೆ ಡ್ರೈಯರ್ ಬೇಡವಂತೆ, ಹೌದೇ ಎಂದು ಇಬ್ಬರು ಕೇಳಿದ್ದಾರೆ. ಹೀಗೆ ಬಳಸಿದಾಗ ಒಂದು ಕಿಲೋ ಜೆಲ್ ಸುಮಾರು ಕಾಲು ಕಿಲೋ ನೀರನ್ನು ಹೀರುತ್ತದೆ. ಮೇಲಿನ ಶೆಡ್ಡಿನ ಗಾಳಿಯನ್ನು 35 ಡಿಗ್ರಿಗೆ ತಣಿಸಿ ಕೊಟ್ಟರೂ ಅದರ ಆಯುಷ್ಯ ಅರ್ಧ ಗಂಟೆಯಿಲ್ಲ. ಹನಿ ಬಿದ್ದ ಕಾಳುಗಳು ಒಡೆದು ಪುಡಿಯಾಗಿ ವಾಲ್ವಿಗೆ ಹೋಗುವುದು ಬೇರೆ.

ಒತ್ತಡ ಹೆಚ್ಚಿಸಿದರೆ ಗಾಳಿ ಒಣಗುತ್ತದೆಯೇ? ಅರ್ಧ ನಿಜ. ಟ್ಯಾಂಕಿನಲ್ಲಿ 10 ಬಾರ್ ಇಟ್ಟು ರೆಗ್ಯುಲೇಟರಿನಲ್ಲಿ 6ಕ್ಕೆ ಇಳಿಸಿದರೆ ತೇವಾಂಶ ಶೇ 100ರಿಂದ ಸುಮಾರು 64ಕ್ಕೆ ಇಳಿಯುತ್ತದೆ, ಆದರೆ ಏರಿಸಿದ ಪ್ರತಿ ಬಾರ್‌ಗೂ ಕರೆಂಟ್ ಬಿಲ್ಲು ಶೇ 6–7ರಷ್ಟು ಏರುತ್ತದೆ. ನಿಮ್ಮ ಟ್ಯಾಂಕು, ಕಂಪ್ರೆಸರು ಆ ಒತ್ತಡಕ್ಕೆ ಮಾಡಿದವೇ ಎಂಬುದು ಅದಕ್ಕಿಂತ ಮೊದಲಿನ ಪ್ರಶ್ನೆ.

ಪಿಸ್ಟನ್ ಕಂಪ್ರೆಸರಿಗೆ ಡ್ರೈಯರ್ ಜೋಡಿಸುವ ಬಗ್ಗೆ, ಪೇಂಟ್ ಕೆಡುವ ಬಗ್ಗೆ ಕೇಳಿದ ಮಂಗಳೂರಿನ ಬೈಕಂಪಾಡಿಯವರಿಗೆ: ಪಿಸ್ಟನ್ ಕಂಪ್ರೆಸರಿನ ಗಾಳಿ ವಾಲ್ವಿನಿಂದ ಹೊರಬರುವಾಗ 100 ಡಿಗ್ರಿಗಿಂತ ಎಷ್ಟೋ ಮೇಲಿರುತ್ತದೆ. ನಿಮ್ಮ ಕರಾವಳಿಯ ಗಾಳಿಯಲ್ಲಿ ಫ್ಯಾನಿರುವ ಆಫ್ಟರ್‌ಕೂಲರ್ ಇಲ್ಲದೆ ಅದನ್ನು ನೇರವಾಗಿ ಡ್ರೈಯರಿಗೆ ಕೊಟ್ಟರೆ ಡ್ರೈಯರ್ ಒಂದು ಮಳೆಗಾಲ ಬಾಳುವುದೂ ಕಷ್ಟ. ಪೇಂಟಿನ ಮೇಲೆ ಏಳುವ ಮೀನಿನ ಕಣ್ಣುಗಳಿಗೆ (ಸಣ್ಣ ದುಂಡು ಕುಳಿಗಳಿಗೆ) ನೀರಿಗಿಂತ ಎಣ್ಣೆಯೇ ಹೆಚ್ಚು ಕಾರಣ. ಮೊದಲು ಪಿಸ್ಟನ್ ರಿಂಗು ನೋಡಿಸಿ.

ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಬದಲು ಪಿವಿಸಿ ಹಾಕಿದರೆ ತುಕ್ಕಿಲ್ಲವಲ್ಲ ಎಂದವರಿಗೆ: ತುಕ್ಕಿಲ್ಲ, ಆದರೆ ಒಡೆದ ದಿನ ಚೂರುಗಳು ಹಾರಿ ಬರುತ್ತವೆ. ಆ ಪೈಪಿನಲ್ಲಿ ನೀರು ಹರಿಸಿ, ಗಾಳಿಯನ್ನಲ್ಲ. ಹಣವಿದ್ದರೆ ಅಲ್ಯುಮಿನಿಯಂ ಹಾಕಿ.

ಲೈನಿನ ಹೊರಗೆ ಅಯಸ್ಕಾಂತದ ಪಟ್ಟಿ ಕಟ್ಟಿ ತೇವ ತೆಗೆಯುತ್ತೇವೆಂದು ಶೆಡ್ಡುಗಳಲ್ಲಿ ತಿರುಗುವವರು ಬಂದರೆ ಚಹಾ ಕೊಟ್ಟು ಕಳುಹಿಸಿ, ಚೆಕ್ ಕೊಡಬೇಡಿ.

ಎಫ್‌ಆರ್‌ಎಲ್‌ನ ಪಾರದರ್ಶಕ ಬಟ್ಟಲನ್ನು ಥಿನ್ನರಿನಲ್ಲಿ ತೊಳೆಯುವುದಾಗಿ ಹೆಮ್ಮೆಯಿಂದ ಬರೆದವರು ನಾಳೆಯೇ ಅದನ್ನು ಬಿಚ್ಚಿ ಬಿಸಾಡಲಿ. ಅದು ಪಾಲಿಕಾರ್ಬೊನೇಟ್, ಥಿನ್ನರ್ ತಾಗಿದ ಬಟ್ಟಲು ಕೂದಲೆಳೆಯಂಥ ಬಿರುಕು ಬಿಟ್ಟು ಒತ್ತಡದಲ್ಲಿ ಸಿಡಿಯುತ್ತದೆ. ಸಾಬೂನು ನೀರು ಸಾಕು.

ಡ್ರೈನಿನ ಹಾಲಿನಂಥ ನೀರನ್ನು ಚರಂಡಿಗೆ ಬಿಡಬಹುದೇ? ಕೂಡದು, ಅದರಲ್ಲಿ ಕಂಪ್ರೆಸರ್ ಎಣ್ಣೆ ಇದೆ. ಎಣ್ಣೆ–ನೀರು ಬೇರ್ಪಡಿಸುವ ಸಪರೇಟರ್ ಹಾಕಿಸಿ. ಅದು ಬರುವವರೆಗೆ ಡ್ರಮ್ಮಿನಲ್ಲಿ ಹಿಡಿದಿಡಿ.